ಇದರ ಜೋಡಿ ನಮ್ಮ ಮನಿಯಾಗಿಲ್ಲ

ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರು ನಮ್ಮೂರಿನಲ್ಲಿ ಒಂಬತ್ತು ಜನ ಇದ್ದಾರೆ. ಎಂಟು ಜನರ ಕೈ ನಡುಗುತ್ತದೆ. ಒಂಬತ್ತನೆಯವನು ನಾನು, ಗಿರಣಿ ಅಡಿವೆಪ್ಪ. ನಾನು ಬೆಸುಗೆ ಹಾಕುವಾಗ ಏಳುವ ಹೊಗೆ ಕೂಡ ದಾರ ಹಿಡಿದಂತೆ ನೆಟ್ಟಗೆ ಮೇಲೆ ಹೋಗುತ್ತದೆ, ಅತ್ತಿತ್ತ ಹೊರಳುವ ಧೈರ್ಯ ಮಾಡುವುದಿಲ್ಲ. ಹೊಟ್ಟೆಪಾಡಿಗೆ ಜೋಳ ಬೀಸುತ್ತೇನೆ. ನನ್ನ ಗಿರಣಿಯ ಹಿಟ್ಟು ಎಷ್ಟು ನಯವೆಂದರೆ, ಒಮ್ಮೆ ಒಬ್ಬಳು ಡಬ್ಬಿಯ ಮುಚ್ಚಳ ತೆಗೆದು ಸೀನಿದ್ದಕ್ಕೆ ಓಣಿಯಲ್ಲಿ ಮೂರು ದಿನ ಮಂಜು ಕವಿದಿತ್ತು. ಆದರೆ ನಾನು ಹುಟ್ಟಿದ್ದು ಹಿಟ್ಟು ಬೀಸಲಿಕ್ಕಲ್ಲ, ರೇಡಿಯೋ ಕಟ್ಟಲಿಕ್ಕೆ.

ನಮ್ಮೂರಲ್ಲಿ ರೇಡಿಯೋ ಕಟ್ಟುವುದು ಬೇರೆ ಊರಿನ ಹಾಗಲ್ಲ. ಇಲ್ಲಿ ಹೊಸ ಪಾರ್ಟು ನಡೆಯುವುದಿಲ್ಲ. ಇಡೀ ಯಂತ್ರವನ್ನು ಹೊರಗಿನಿಂದ ತಂದರೆ ಅದು ಹಾಡುತ್ತದೆ, ತಿರುಗುತ್ತದೆ, ಉರಿಯುತ್ತದೆ. ಅದು ಕೆಟ್ಟಿತೆಂದು ಪೇಟೆಗೆ ಹೋಗಿ ಹೊಸ ಪಾರ್ಟು ಕೊಂಡು ತಂದು ಹಾಕಿದಿರೋ, ಕಲ್ಲು ಹಾಕಿದಂತೆ. ಪೇಟೆಯ ಅಂಗಡಿಯಲ್ಲಿ ಮೀಟರ್ ಹಚ್ಚಿದಾಗ ಮುಳ್ಳು ಕುಣಿದಿರುತ್ತದೆ. ಹಳ್ಳದ ಸೇತುವೆ ದಾಟಿ ಬಂದು ಹಚ್ಚಿದರೆ ಮುಳ್ಳು ಮಲಗಿಬಿಡುತ್ತದೆ. ಒಂದು ಮಳೆಗಾಲವಾದರೂ ನಮ್ಮೂರಿನ ಯಾವುದಾದರೊಂದು ಯಂತ್ರದಲ್ಲಿ ದುಡಿದ ಪಾರ್ಟು ಮಾತ್ರ ಇನ್ನೊಂದರಲ್ಲಿ ದುಡಿಯುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ದೊಡ್ಡ ಬಾವಿಯ ನೀರು ಉಪ್ಪು. ಅದು ಯಾಕೆ ಎಂದೂ ಯಾರೂ ಕೇಳಿಲ್ಲ, ಕೊಡ ಹೊತ್ತು ಸಣ್ಣ ಬಾವಿಗೆ ಹೋಗುತ್ತಾರೆ.

ಹಾಗಾಗಿ ನಮ್ಮಲ್ಲಿ ಯಾವ ಯಂತ್ರವನ್ನೂ ಗುಜರಿಗೆ ಹಾಕುವುದಿಲ್ಲ. ಕೆಟ್ಟ ರೇಡಿಯೋ, ಕೆಟ್ಟ ಟಿವಿ, ತಿರುಗದ ಫ್ಯಾನು ಎಲ್ಲವೂ ಗೂಡಿನಲ್ಲಿ, ಅಟ್ಟದ ಮೇಲೆ, ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿಕೊಂಡು ಕುಳಿತಿರುತ್ತವೆ. ಹೆಣ್ಣು ಕೊಡುವವರು ಹುಡುಗನ ಮನೆಯಲ್ಲಿ ಎಷ್ಟು ಎಕರೆ ಎಂದು ಕೇಳಿದ ಮೇಲೆ, ಸತ್ತ ಟೇಪ್ ರೆಕಾರ್ಡರ್ ಎಷ್ಟಿವೆ ಎಂದೂ ಕೇಳುತ್ತಾರೆ. ಒಂದೆರಡಿದ್ದರೆ ಮರ್ಯಾದಸ್ಥ ಮನೆತನ.

ಬೇಡುವುದಕ್ಕೂ ಒಂದು ಪದ್ಧತಿ ಇದೆ. ಗುರುವಾರ ಬೆಳಿಗ್ಗೆ ಹೋಗಬೇಕು. ಹೊಸ್ತಿಲು ಹತ್ತಬಾರದು, ಬೀದಿಯಲ್ಲೇ ನಿಲ್ಲಬೇಕು. ಸುಟ್ಟ ಪಾರ್ಟನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡು ಮೂರು ಮಾತು ಆಡಬೇಕು, ಅದೂ ಎದುರು ಮನೆಯವರಿಗೆ ಕೇಳುವಷ್ಟು ಜೋರಾಗಿ. ಒಂದು, ಪಾರ್ಟಿನ ಹೆಸರು. ಎರಡು, ಯಾರ ಸಲುವಾಗಿ. ಮೂರನೆಯದು, "ಇದರ ಜೋಡಿ ನಮ್ಮ ಮನಿಯಾಗಿಲ್ಲ." ತನ್ನ ಮನೆಯಲ್ಲೇ ಇಟ್ಟುಕೊಂಡು ಇನ್ನೊಬ್ಬರ ಮುಂದೆ ಕೈ ಒಡ್ಡುವವನಿಗೆ ನಮ್ಮೂರಲ್ಲಿ ಯಾರೂ ಏನೂ ಕೊಡುವುದಿಲ್ಲ. ಮೂರು ಮಾತು ಸರಿಯಾಗಿ ಬಂದರೆ ಮನೆಯವರು ತಾವೇ ಯಂತ್ರ ತಂದು ಜಗಲಿಯ ಮೇಲೆ ಇಡುತ್ತಾರೆ. ರೊಕ್ಕದ ಮಾತೇ ಇಲ್ಲ.

ಆ ಒಂಬತ್ತು ಜನರಲ್ಲಿ ಯಾರ ಬಾಗಿಲಿಗೂ ಹೋಗದವನು, ಯಾರ ಮುಂದೆಯೂ ಅಂಗೈ ಚಾಚದವನು ನಾನೊಬ್ಬನೇ. ಇಪ್ಪತ್ತೆರಡು ವರ್ಷದ ಹಿಂದೆ ಪೇಟೆಗೆ ಹೋಗಿ ಐವತ್ತಮೂರು ಹೊಚ್ಚ ಹೊಸ ಪಾರ್ಟು ಕೊಂಡು ತಂದು, ಗಿರಣಿಯ ಹಿಂದಿನ ಕೋಣೆಯಲ್ಲಿ ನಾಲ್ಕು ತಿಂಗಳು ಕೂತು ಒಂದು ರೇಡಿಯೋ ಕಟ್ಟಿದೆ. ಊರಿನ ನಿಯಮ ನನ್ನ ಕೈಗೆ ಸೋತಿತು. ಹೊಸ ಪಾರ್ಟು ನನಗೊಬ್ಬನಿಗೇ ಒಲಿಯಿತು. ಹನ್ನೊಂದು ದೇಶದ ಸ್ಟೇಷನ್ ಹಿಡಿಯುವ ರೇಡಿಯೋ. ಸ್ಪೀಕರ್ ಇಲ್ಲ, ಕಿವಿಗೆ ಸಿಕ್ಕಿಸುವ ಒಂದೇ ಒಂದು ಗುಂಡಿ. ಗಿರಣಿಯ ಸದ್ದಿನ ನಡುವೆ ನಾನು ಗುಂಡಿ ಕಿವಿಗೆ ಹಚ್ಚಿಕೊಂಡು, ಬೀಸಲು ಬಂದವರಿಗೆ ದಿನಾ ಸುದ್ದಿ ಹೇಳುತ್ತಿದ್ದೆ. ನಮ್ಮೂರಿನ ಮೈಕಿನ ಮೌನೇಶಪ್ಪ ಅದನ್ನು ಬರೆದುಕೊಂಡು ಹೋಗಿ, ಸಂತೆಯ ದಿನ ಸಾರುತ್ತಿದ್ದ.

ಮೌನೇಶಪ್ಪನ ಬಗ್ಗೆ ಹೇಳಬೇಕು. ಹೆಸರು ಮೌನೇಶಪ್ಪ, ಬಾಯಿ ಮಾತ್ರ ಊರಿಗೇ ದೊಡ್ಡದು. ಬಡಿಗೇರರ ಮನೆಯವನಾದರೂ ಉಳಿ ಹಿಡಿಯಲಿಲ್ಲ, ಮೈಕ್ ಹಿಡಿದ. ಸೈಕಲ್ಲಿಗೆ ಹಾರ್ನ್ ಕಟ್ಟಿಕೊಂಡು, ನೀರು ಬರುವ ಹೊತ್ತು, ಸಿನಿಮಾ ಬಂದದ್ದು, ಎಮ್ಮೆ ಕಳೆದದ್ದು, ಎಲ್ಲವನ್ನೂ ಓಣಿ ಓಣಿ ತಿರುಗಿ ಸಾರುತ್ತಿದ್ದ. ಅವನ ಹೆಂಡತಿ ಕಾಳವ್ವ. ಸಕ್ಕರೆ ಕಾಯಿಲೆ ಹದಿನಾರು ವರ್ಷದ ಹಿಂದೆ ಆಕೆಯ ಎರಡೂ ಕಣ್ಣು ತಿಂದುಕೊಂಡಿತು. ಐದು ವರ್ಷದ ಹಿಂದೆ ಮೌನೇಶಪ್ಪನ ಗಂಟಲಿನಲ್ಲಿ ಹುಣ್ಣಾಗಿ, ದೊಡ್ಡಾಸ್ಪತ್ರೆಯವರು ಧ್ವನಿಯ ಪೆಟ್ಟಿಗೆಯನ್ನೇ ಕೊಯ್ದು ತೆಗೆದರು. ಬದಲಿಗೆ ಗೇಣುದ್ದದ ಒಂದು ನಳಿಗೆ ಕೊಟ್ಟರು. ಗುಂಡಿ ಒತ್ತಿ ಗಂಟಲಿಗೆ ಹಿಡಿದರೆ ಅದು ಗುಂಯ್ ಎನ್ನುತ್ತದೆ. ಬಾಯಿ ಆಡಿಸಿದಂತೆ ಆ ಗುಂಯ್ ಮಾತಾಗಿ ಹೊರಬರುತ್ತದೆ. ಏರಿಳಿತವಿಲ್ಲದ, ಒಂದೇ ಸ್ವರದ ಮಾತು. ಊರವರು ಅದಕ್ಕೆ ದುಂಬಿ ಎಂದು ಹೆಸರಿಟ್ಟರು. ಗಂಡನಿಗೆ ದನಿಯಿಲ್ಲ, ಬರೆದು ತೋರಿಸೋಣವೆಂದರೆ ಹೆಂಡತಿಗೆ ಕಣ್ಣಿಲ್ಲ. ಇಬ್ಬರ ನಡುವೆ ಇದ್ದದ್ದು ಆ ದುಂಬಿ ಒಂದೇ.

ಕಳೆದ ವರ್ಷ, ಒಂದು ಮಂಗಳವಾರ, ಅವರ ಮಗಳು ಸುವರ್ಣಾ ಗಿರಣಿಗೆ ಬಂದಳು. ಕೈಯಲ್ಲಿ ಜೋಳದ ಬುಟ್ಟಿ ಇರಲಿಲ್ಲ. ನಾನು ಬೆಲ್ಟ್ ಕಳಚಿ ಗಿರಣಿ ನಿಲ್ಲಿಸಿದೆ.

"ಕಾಕಾ, ಅಪ್ಪನ ದುಂಬಿ ನಿಂತೈತಿ," ಎಂದಳು. "ನಿನ್ನೆ ಅವ್ವನ ಮುಖ ತೊಳಿಸಾಕ ನೀರ ತುಂಬ್ಕೊಳ್ಳೋ ಮುಂದ ಹಂಡೇದಾಗ ಬಿತ್ತು. ಒಣಗಿಸಿ ಗುಂಡಿ ಒತ್ತಿದ್ರ ಚುರ್ ಅಂತು, ಆಮ್ಯಾಲ ಏನೂ ಇಲ್ಲ."

"ಅವ್ವ ಹೆಂಗದಾಳ?"

"ದವಾಖಾನಿಯಿಂದ ಕಳಿಸಿಬಿಟ್ರು. ಕಿಡ್ನಿ ಎರಡೂ ಹೋಗ್ಯಾವಂತ. ಹತ್ತ ದಿನ ಅಂದಾರ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಗುಣ ಆಕ್ಕೈತಿ ಅಂತ ಹೇಳೇನಿ. ಅವ್ವ ನಂಬವಲ್ಲಳು. ಡಾಕ್ಟರ ಏನಂದಾ, ನಿಮ್ಮಪ್ಪ ಹೇಳ್ಲಿ ಅಂತಾಳ. ಅಪ್ಪ ಕೈ ಹಿಡಕೊಂಡು ಕುಂತಾನ, ಅಕಿ ಕೇಳ್ತಾಳ, ಅಪ್ಪಗ ಹೇಳಾಕ ಬರವಲ್ದು. ಯಾಕ ಸುಮ್ಮನಾದ್ರಿ, ನನ್ನ ಮ್ಯಾಲ ಸಿಟ್ಟೇನ ಅಂತ ನಿನ್ನೆಯಿಂದ ಅದನ್ನ ಕೇಳ್ತಾಳ, ಕಾಕಾ."

"ದುಂಬಿ ಕೆಟ್ಟೈತಿ ಅಂತ ಹೇಳಲಿಲ್ಲೇನ?"

"ಹೇಳಿದೆ. ನಾ ಗುಣ ಆಕ್ಕೈತಿ ಅಂತ ಒಂದು ಸುಳ್ಳು ಹೇಳೇನಲ್ಲ, ಇದೂ ಸುಳ್ಳ ಅಂತಾಳ."

ಆಸ್ಪತ್ರೆಗೆ ಫೋನು ಮಾಡಿದ್ದರಂತೆ. ಇನ್ನೊಂದು ದುಂಬಿ ಬರಲು ಮೂರು ತಿಂಗಳು. ನಾನು ಅಲ್ಲೇ ಬಿಚ್ಚಿ ನೋಡಿದೆ. ಹಳೇ ಕಾಲದ ಯಂತ್ರ, ನಾಲ್ಕೇ ಪಾರ್ಟು. ಸುಟ್ಟದ್ದು ಟ್ರಾನ್ಸಿಸ್ಟರ್, ಶೇಂಗಾ ಬೀಜದಷ್ಟು, ತಗಡಿನ ಟೊಪ್ಪಿಗೆ, ಮೂರು ಕಾಲು. ಮೇಲೆ ನಂಬರು ಇನ್ನೂ ಕಾಣುತ್ತಿತ್ತು: ಎಸಿ ನೂರಾ ಇಪ್ಪತ್ತೆಂಟು. ಯಾವ ಪಾರ್ಟು ಯಾರ ಮನೆಯ ಯಾವ ಗೂಡಿನಲ್ಲಿದೆ ಎಂಬುದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆ ನಂಬರಿನವು ಊರಲ್ಲಿ ಉಳಿದದ್ದು ನಾಲ್ಕೇ ನಾಲ್ಕು. ಎರಡು ಶಕ್ಕೂಬಾಯಿ ಟೀಚರ ಮನೆಯಲ್ಲಿ, ಹಳೇ ಶಾಲೆಯ ಪ್ರಾರ್ಥನೆಯ ಮೈಕಿನ ಪೆಟ್ಟಿಗೆಯೊಳಗೆ. ಇನ್ನೆರಡು ನನ್ನ ರೇಡಿಯೋದಲ್ಲಿ.

"ನಿಮ್ಮ ರೇಡಿಯೋದಾಗ ಎರಡ ಅದಾವಂತಲ್ಲ ಕಾಕಾ," ಎಂದಳು ಸುವರ್ಣಾ. "ಸೈಕಲ್ ಶಾಪಿನ ದಸ್ತಗೀರ ಮಾಮಾ ಹೇಳಿದ. ಹತ್ತ ದಿನದ ಮಟ್ಟಿಗೆ ಕೊಡ್ರಿ. ಆಮ್ಯಾಲ ನಾನ ತಂದು ಕೊಡ್ತೀನಿ."

ಈಗ ಒಂದು ಮಾತು ಹೇಳಬೇಕಾಗಿದೆ. ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ಆ ರೇಡಿಯೋ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮಾತಾಡಿಲ್ಲ.

ಹೊಸ ಪಾರ್ಟು ಯಾರಿಗೂ ಒಲಿಯುವುದಿಲ್ಲ, ನನಗೂ ಒಲಿಯಲಿಲ್ಲ. ಆದರೆ ಅದು ಮಾತಾಡುವ ಮೊದಲೇ ಮಾತಾಡುವ ದಿನವನ್ನು ಊರಿಗೆಲ್ಲ ಹೇಳಿಬಿಟ್ಟಿದ್ದೆ. ಹೇಳಿದ ದಿನ ಬಂತು, ಗಿರಣಿಯ ಮುಂದೆ ಜನ ಸೇರಿದರು, ನಾನು ಗುಂಡಿ ಕಿವಿಗೆ ಸಿಕ್ಕಿಸಿಕೊಂಡೆ. ಒಳಗೆ ಏನೂ ಇಲ್ಲ. ತಲೆ ಎತ್ತಿದರೆ ಇನ್ನೂರು ಕಣ್ಣು. "ಸಿಲೋನ್ ಬಂತು!" ಎಂದೆ. ಅಲ್ಲಿಂದ ಶುರುವಾದದ್ದು, ವರ್ಷಕ್ಕೆರಡು ದೇಶ ಕೂಡುತ್ತ ಹನ್ನೊಂದಾಯಿತು. ಸುದ್ದಿಯೆಲ್ಲ ಹಿಂದಿನ ದಿನದ ಪೇಪರಿನದು, ಅದರ ಮೇಲೆ ನನ್ನದೊಂದಿಷ್ಟು ಒಗ್ಗರಣೆ.

ಅನುಮಾನ ಪಟ್ಟವರೂ ಇದ್ದರು. ಅವರ ಬಾಯಿ ಮುಚ್ಚಿಸಿದ್ದು ಕಾಳವ್ವ. ಕಣ್ಣು ಹೋದ ವರ್ಷ ಆಕೆ ಒಂದು ದಿನ ಗಿರಣಿಗೆ ಬಂದು, "ನಿನ್ನ ರೇಡಿಯೋ ನನಗೊಂದೀಟ ಕೇಳಸಪಾ" ಎಂದಳು. ಎಲ್ಲರ ಮುಂದೆ ಇಲ್ಲವೆನ್ನಲಾಗದೆ ಕೊಟ್ಟೆ. ಆಕೆ ಗೋಡೆಗೆ ಒರಗಿ, ಗುಂಡಿ ಕಿವಿಗೆ ಹಚ್ಚಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಆಕೆ ಎದ್ದು ನಿಂತು, ಹನ್ನೊಂದೂ ದೇಶ ಕೇಳಿಸಿದವು, ನಮ್ಮ ಅಡಿವೆಪ್ಪನಂಥ ಮನುಷ್ಯ ಭೂಮಿಯ ಮೇಲೆ ಇಲ್ಲ ಎಂದು ಸಾಕ್ಷಿ ಹೇಳಿದಳು. ಊರು ನಂಬಿತು. ಕಣ್ಣಿಲ್ಲದವಳ ಕಿವಿಯನ್ನು ಯಾರು ಸುಳ್ಳೆನ್ನುತ್ತಾರೆ? ಆಕೆ ಯಾಕೆ ಹಾಗೆ ಹೇಳಿದಳೋ, ನಾನು ಕೇಳಲಿಲ್ಲ. ಹದಿನಾರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಸುವರ್ಣಾಳ ಮುಂದೆ ನಾನು ರೇಡಿಯೋ ಬಿಚ್ಚಿದೆ. ಒಂದು ಆಸೆ ಇತ್ತು ಎಂದು ಹೇಳಿದರೆ ನಗಬೇಡಿ. ಇಪ್ಪತ್ತೆರಡು ಮಳೆಗಾಲ ನಮ್ಮೂರಿನ ಗೂಡಿನಲ್ಲಿ ಕೂತ ಪಾರ್ಟು, ದುಡಿಯದಿದ್ದರೂ ಊರಿನದಾಗಿರಬಹುದಲ್ಲವೇ? ಅವರ ಮನೆಗೆ ಹೋಗಿ, ಮೌನೇಶಪ್ಪನ ಎದುರೇ ಕೂತು ಬೆಸುಗೆ ಹಾಕಿದೆ. ಹೊಗೆ ನೆಟ್ಟಗೆ ಹೋಯಿತು. ಮೌನೇಶಪ್ಪ ದುಂಬಿಯನ್ನು ಗಂಟಲಿಗೆ ಹಿಡಿದು ಗುಂಡಿ ಒತ್ತಿದ. ಬಾಯಿ ಆಡಿತು. ದನಿ ಬರಲಿಲ್ಲ. ಮತ್ತೆ ಒತ್ತಿದ. ಒಳಗಿನ ಕೋಣೆಯಿಂದ ಕಾಳವ್ವನ ಕ್ಷೀಣ ಸ್ವರ ಬಂತು: "ಬಂದ್ರೇನ? ಡಾಕ್ಟರ ಏನಂದಾ, ಹೇಳ್ರಿ."

ಮೌನೇಶಪ್ಪ ನನ್ನ ಮುಖ ನೋಡಿದ. ಒಂದು ಕಾಲಕ್ಕೆ ಮೂರು ಓಣಿಗೆ ಕೇಳುವ ಬಾಯಿಯಿದ್ದವನು.

"ಒಳಗ ಬ್ಯಾರೆ ಏನೋ ತೊಂದರಿ ಐತಿ," ಎಂದೆ ನಾನು. "ನನ್ನ ಪಾರ್ಟಂತೂ ಚಲೋ ಐತಿ. ನೋಡೂಣು." ಹೀಗೆ ಹೇಳಿ ದುಂಬಿಯನ್ನು ಕಿಸೆಗೆ ಹಾಕಿಕೊಂಡು ಎದ್ದು ಬಂದೆ. ಸಾಯುವವಳ ಹತ್ತು ದಿನದಲ್ಲಿ ಒಂದನ್ನು ನಾನು ತಿಂದೆ. ಬುಧವಾರ ಇನ್ನೊಂದನ್ನು ತಿಂದೆ.

ಆ ಬುಧವಾರ ಗಿರಣಿ ತೆರೆಯಲಿಲ್ಲ. ಟೀಚರ ಬಾಗಿಲಿಗೆ ಹೋಗಬೇಕು, ಬೇರೆ ದಾರಿಯಿಲ್ಲ. ಹೋದರೆ ಮೂರನೆಯ ಮಾತು ಆಡಬೇಕು. ಆಡಿದರೆ ರೇಡಿಯೋದ ಗುಟ್ಟು ಬೀದಿಗೆ ಬೀಳುತ್ತದೆ. ನನ್ನ ಮಾನ ಹೋಗುವುದು ಹೋಗಲಿ, ಕಾಳವ್ವ ಸುಳ್ಳುಸಾಕ್ಷಿ ಹೇಳಿದಳೆಂದಾಗುತ್ತದಲ್ಲ, ಸಾಯುವ ಹೆಂಗಸಿನ ಮೇಲೆ ಆ ಹೊರೆ ಹೊರಿಸುವುದು ಹೇಗೆ ಎಂದು ಬಹಳ ದುಃಖಪಟ್ಟೆ. ಎಂಥ ಉದಾರಿ ನಾನು! ಸಂಜೆಯ ಹೊತ್ತಿಗೆ ಆ ದುಃಖದೊಳಗೆ ಕೈ ಹಾಕಿ ನೋಡಿದರೆ, ಅಲ್ಲಿ ಕಾಳವ್ವ ಇರಲೇ ಇಲ್ಲ. ಮೂಲೆ ಮೂಲೆಯಲ್ಲಿ ನಾನೇ ಕೂತಿದ್ದೆ.

ಗುರುವಾರ ಬೆಳಿಗ್ಗೆ ಶಕ್ಕೂಬಾಯಿ ಟೀಚರ ಮನೆಯ ಮುಂದೆ ನಿಂತೆ. ಆಕೆ ನನಗೆ ನಾಲ್ಕನೇ ಇಯತ್ತೆ ಕಲಿಸಿದವರು. ಎಂಬತ್ತರ ಮೇಲಾಗಿದೆ, ಬೆನ್ನು ಮಾತ್ರ ಇನ್ನೂ ಫುಟ್ಟುಪಟ್ಟಿಯ ಹಾಗೆ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸೈಕಲ್ ಶಾಪಿನ ದಸ್ತಗೀರ ತನ್ನ ಟೇಪಿಗೆ ಏನೋ ಬೇಡಲು ನನಗಿಂತ ಮೊದಲೇ ಬಂದಿದ್ದ. ನನ್ನನ್ನು ನೋಡಿ ಪಂಪಿನ ಗಾಳಿ ಬಿಟ್ಟ ಹಾಗೆ ನಕ್ಕ.

"ಏನೋ ಅಡಿವೆಪ್ಪ! ಸೂರ್ಯ ಯಾ ಕಡೆ ಹುಟ್ಟ್ಯಾನೋ ಇವತ್ತು? ನೀನೂ ಬಾಗಿಲಿಗೆ ಬಂದೀ?"

ಅವನ ನಗೆಗೆ ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ್ದೂ ತೆರೆಯಿತು. ನಾನು ಬಲ ಅಂಗೈ ಚಾಚಿದೆ. "ಎಸಿ ನೂರಾ ಇಪ್ಪತ್ತೆಂಟು," ಎಂದೆ. "ಮೌನೇಶಪ್ಪ ಬಡಿಗೇರನ ದುಂಬಿಗೆ. ಕಾಳವ್ವನ ಸಲುವಾಗಿ." ಅಲ್ಲಿಗೆ ನಿಲ್ಲಿಸಿದೆ.

ಟೀಚರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮೂರನೇದ್ದು?"

"ಅಲ್ರೀ ಅಕ್ಕೋರ, ಇವನ ರೇಡಿಯೋದಾಗ ಎರಡ ಅದಾವ್ರೀ!" ಎಂದ ದಸ್ತಗೀರ. "ತಂದು ಬಿಚ್ಚಿ ಹಾಕಲಾ ಮಗನ, ಹನ್ನೊಂದ ದೇಶ ಒಂದ ವಾರ ಸುಮ್ಮನಿದ್ರ ಏನ ಮುಳಗತೈತಿ?"

"ಅದಾವ," ಎಂದೆ. "ಆದ್ರ ಅವು ಜೋಡಿ ಅಲ್ಲ."

"ಯಾಕ?"

"ಅವು ದುಡದಿಲ್ಲ."

"ಕಿವಿ ಸೂಕ್ಷ್ಮ ಇಲ್ಲ ನನಗ," ಎಂದರು ಟೀಚರು. ಆ ಓಣಿಯಲ್ಲಿ ಸೂಜಿ ಬಿದ್ದರೂ ಆಕೆಗೆ ಕೇಳುತ್ತದೆ. "ಜೋರಾಗಿ ಹೇಳು."

"ನನ್ನ ರೇಡಿಯೋ ಒಂದ ದಿನಾನೂ ಮಾತಾಡಿಲ್ರೀ ಅಕ್ಕೋರ! ಒಂದ ದಿನಾನೂ ಇಲ್ಲ! ಇಪ್ಪತ್ತೆರಡ ವರ್ಷ ಬರೇ ಗುಂಡಿ ಕಿವಿಗೆ ಹಚ್ಚಿಕೊಂಡೇನಿ!"

ನಗುತ್ತಾರೆ ಎಂದುಕೊಂಡಿದ್ದೆ. ನಕ್ಕಿದ್ದರೆ ಚೆನ್ನಾಗಿತ್ತು. ದಸ್ತಗೀರ ಪೆಚ್ಚಾಗಿ, "ಮತ್ತ ಸಿಲೋನು?" ಎಂದ.

"ಪೇಪರ್."

"ಆ ಚಂಡಮಾರುತ? ಊರ ಮಂದಿಯೆಲ್ಲಾ ಹಪ್ಪಳಾ ಒಳಗ ತಂದು ಬಣವಿಗೆ ಹಗ್ಗ ಬಿಗದ್ರಲ್ಲೋ!"

"ಅದು ಪೇಪರಿನ್ಯಾಗೂ ಇರಲಿಲ್ಲ."

ಎದುರು ಮನೆಯ ಹೆಂಗಸು ಬಾಗಿಲಿಂದಲೇ ಕೇಳಿದಳು: "ಮತ್ತ ಕಾಳವ್ವ ಕೇಳೇನಿ ಅಂದಿದ್ಲಲ್ಲ?"

ಇದೇ ಪ್ರಶ್ನೆಗೆ ನಾನು ಎರಡು ದಿನ ಹೆದರಿದ್ದೆ. "ಅಕಿದೇನೂ ತಪ್ಪಿಲ್ಲ," ಎಂದೆ. "ನಾನ ಕಾಲು ಹಿಡದು ಹೇಳಿಸಿದ್ದು." ಅದು ಸುಳ್ಳು. ಆ ಹೆಂಗಸಿನ ಕಾಲು ನಾನು ಯಾವತ್ತೂ ಹಿಡಿದಿಲ್ಲ. ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಇಟ್ಟರೆ ಗುಡಿಯ ಕಳಸ ಮುಟ್ಟೀತು. ಅವುಗಳಲ್ಲಿ ನನ್ನ ಸಲುವಾಗಿ ಹೇಳದೇ ಇದ್ದದ್ದು ಅದೊಂದೇ.

ಟೀಚರು ಅವರೆಯ ಬುಟ್ಟಿ ಕೆಳಗಿಟ್ಟರು. "ಮೂರನೇದ್ದು ಇನ್ನೂ ಹೇಳಿಲ್ಲ ನೀ."

"ಇದರ ಜೋಡಿ ನಮ್ಮ ಮನಿಯಾಗಿಲ್ಲ," ಎಂದೆ.

ಆಕೆ ಎದ್ದು ಒಳಗೆ ಹೋಗಿ, ಪ್ರಾರ್ಥನೆಯ ಪೆಟ್ಟಿಗೆಯನ್ನು ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಜಗಲಿಯ ಮೇಲಿಟ್ಟರು. "ಮೂವತ್ತ ವರ್ಷ ಮಕ್ಕಳ ದನಿ ಹೊತ್ತೈತಿದು," ಎಂದರು. "ಹುಷಾರಿಲೆ ಬಿಚ್ಚು." ನಾನು ಐರನ್ ಕಾಯಿಸಿಕೊಂಡು ಕೂತಾಗ, ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಮಾತಾಡಿದರು. "ನಾಕನೇ ಇಯತ್ತೆಯಾಗ ನೀ ಪಾಟಿ ಒಡದು ಹುಲಿ ಒಡೀತು ಅಂದಿದ್ದಿ. ನೆನಪೈತೇನು? ನನಗ ನಗು ಬಂದು ಹೊಡೀಲಿಲ್ಲ. ಹೊಡೀಬೇಕಿತ್ತು."

"ಹೂಂರೀ ಅಕ್ಕೋರ."

ದಸ್ತಗೀರ ತನ್ನ ಪಾರ್ಟನ್ನು ಬೇಡದೆ ಹಾಗೆಯೇ ಕಿಸೆಗೆ ಹಾಕಿಕೊಂಡ. ನಾನು ಎದ್ದಾಗ, "ಹತ್ತಲೇ, ಜಲ್ದಿ ಮುಟ್ತೀ," ಎಂದು ಸೈಕಲ್ ಮುಂದೆ ಮಾಡಿದ. ಕ್ಯಾರಿಯರಿನ ಮೇಲೆ ಕೂತು, ಶೇಂಗಾ ಬೀಜದಷ್ಟು ತಗಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದೆ. ಬಡಿಗೇರರ ಓಣಿ ಬಂದಾಗ ಅವನು, "ಹಪ್ಪಳಾ ಒಣಗಿರಲಿಲ್ಲಲೇ ಆ ಸಲ, ಬೂಸರ ಹಿಡದು ಕೆಟ್ವು," ಎಂದ.

ಮೌನೇಶಪ್ಪ ಹೆಂಡತಿಯ ಹಾಸಿಗೆಯ ಪಕ್ಕ ಕೂತಿದ್ದ. ಆಕೆ ಅರ್ಧದಷ್ಟಾಗಿದ್ದಳು. ಕಣ್ಣು ತೆರೆದೇ ಇದ್ದವು. "ಯಾರದು?" ಎಂದಳು.

"ನಾನಬೇ ಅಕ್ಕಾ, ಅಡಿವೆಪ್ಪ."

"ನಿಮ್ಮಣ್ಣ ಮಾತ ಬಿಟ್ಟಾನ ನೋಡು ನನ್ನ ಜೋಡಿ."

ನಾನು ನೆಲದ ಮೇಲೆ ಕೂತು ಬೆಸುಗೆ ಹಾಕಿದೆ. ಕೈ ನಡುಗಿತು. ಊರಿನ ಎಂಟು ಜನರ ಕೈಯೂ ಕೂಡಿ ನಡುಗಿದಷ್ಟು ನಡುಗಿತು. ಹೊಗೆ ನೆಟ್ಟಗೆ ಹೋಗಲಿಲ್ಲ, ಕಣ್ಣಿಗೇ ಬಂತು. ಮೂರು ಕಾಲು ಹಿಡಿಸಲು ಎಷ್ಟು ಹೊತ್ತಾಯಿತೋ. ದುಂಬಿಯನ್ನು ಮುಚ್ಚಿ ಮೌನೇಶಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಒಮ್ಮೆ ತನ್ನ ಅಂಗಿಗೆ ಒರೆಸಿಕೊಂಡು, ಗಂಟಲಿಗೆ ಹಿಡಿದು, ಗುಂಡಿ ಒತ್ತಿದ.

ಗುಂಯ್ ಎಂದಿತು.

ಕಾಳವ್ವ ಆ ಕಡೆ ಮುಖ ತಿರುಗಿಸಿದಳು. ಬಹಳ ಮೆಲ್ಲಗೆ, ಒಣ ಎಲೆ ಹೊರಳಿದ ಹಾಗೆ.

ಮೌನೇಶಪ್ಪ ಮೊದಲ ಮಾತೇ ಅದನ್ನು ಆಡಿದ. ಊರಿನ ಸಾವಿರ ಸುದ್ದಿ ಸಾರಿದವನು, ಹೆಂಡತಿಗೆ ಸುದ್ದಿಯನ್ನು ಸುತ್ತಿ ಬಳಸಿ ಹೇಳುವ ರೂಢಿ ಅವನಿಗಿರಲಿಲ್ಲ. "ಹತ್ತ ದಿನಾ ಅಂದಾರ, ಕಾಳಿ," ಎಂದಿತು ದುಂಬಿಯ ದನಿ, ಏರಿಳಿತವಿಲ್ಲದೆ. "ಸೋಮಾರ ಅಂದಿದ್ರು. ಇವತ್ತಿಗೆ ಏಳ ಉಳದಾವ. ಸಿಟ್ಟಿಲ್ಲ ನನಗ. ದುಂಬಿ ನೀರಾಗ ಬಿದ್ದಿತ್ತು."

ಬಾಗಿಲ ಬಳಿ ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಳವ್ವ ಅಳಲಿಲ್ಲ. ಯಾವುದೋ ಲೆಕ್ಕ ಸರಿಹೋದವಳ ಹಾಗೆ ತಲೆಯಾಡಿಸಿದಳು. "ಹಂಗಂದ್ರ ಈ ಸಲ ಶ್ಯಾವಿಗಿ ಮಾಡೂದು ಆಗೂದಿಲ್ಲ," ಎಂದಳು. "ಸುವರ್ಣಾಗ ಹೇಳ್ರಿ, ಗೋದಿ ಅಡಿವೆಪ್ಪನ ಗಿರಣಿಗೆ ಒಯ್ಯಬ್ಯಾಡ ಅಂತ. ಭಾಳ ದಪ್ಪ ಬೀಸ್ತಾನ."

"ಇಲ್ಲೇ ಕುಂತಾನ ಅಂವ," ಎಂದಿತು ದುಂಬಿ.

"ಗೊತ್ತೈತಿ. 'ನಾನಬೇ' ಅಂದನಲ್ಲ ಈಗ."

ನಾನು ಆಗಲೇ ಹೇಳಬೇಕಾಗಿತ್ತು, ಬೇರೆಯವರ ಬಾಯಿಂದ ಆಕೆಗೆ ಮುಟ್ಟುವ ಮೊದಲು. ಹೇಳಿದೆ. ಬೀದಿಯಲ್ಲಿ ನಿಂತದ್ದು, ರೇಡಿಯೋದ ಗುಟ್ಟು ಬಿಚ್ಚಿದ್ದು, ಆಕೆಯ ಸಾಕ್ಷಿಯನ್ನು ನಾನೇ ಕಾಲು ಹಿಡಿದು ಹೇಳಿಸಿದೆನೆಂದು ಸುಳ್ಳಾಡಿದ್ದು, ಎಲ್ಲ. "ಅಕ್ಕಾ, ಹನ್ನೊಂದ ದೇಶ ಕೇಳಿದೆ ಅಂತ ಯಾಕ ಅಂದಿ ಅವತ್ತು?" ಎಂದು ಕೊನೆಗೂ ಕೇಳಿದೆ.

"ನಾ ಎಲ್ಲಿ ಅಂದೆ?" ಎಂದಳು ಕಾಳವ್ವ. "ಹನ್ನೊಂದು, ಹದಿನೆಂಟು ಅಂತ ಹೇಳಿಕೋತ ತಿರುಗಿದಾವ ನೀನು. ನಾ ಅಂದಿದ್ದು ಒಂದ ಮಾತು. ಚಲೋ ಐತಿ ಅಂದೆ."

ಹೌದು. ಆಕೆ ಅಂದದ್ದು ಅಷ್ಟೇ. ಗೋಡೆಗೆ ಒರಗಿದ್ದವಳು ಎದ್ದು, ಗುಂಡಿ ನನ್ನ ಕೈಗಿಟ್ಟು, "ಚಲೋ ಐತಿ" ಎಂದು ಹೋಗಿದ್ದಳು. ಉಳಿದದ್ದನ್ನೆಲ್ಲ ನಾನು ಸೇರಿಸಿದ್ದೆ; ಎಷ್ಟು ಸಲ ಸೇರಿಸಿ ಹೇಳಿದ್ದೆನೆಂದರೆ ಆಕೆಯ ಬಾಯಿಯಲ್ಲೇ ಅದನ್ನು ಕೇಳಿದ ಹಾಗೆ ನನಗೇ ನೆನಪಿತ್ತು. ಈಗ ಸ್ವಲ್ಪ ಹೊತ್ತಿನ ಹಿಂದೆ ನಿಮಗೂ ಹಾಗೆಯೇ ಹೇಳಿದೆನಲ್ಲ.

"ಆದ್ರ ಅದರಾಗ ಏನೂ ಇರಲಿಲ್ಲಲ್ಲ ಅಕ್ಕಾ."

"ಇರಲಿಲ್ಲ. ಅದಕ್ಕ ಚಲೋ ಇತ್ತು." ಆಕೆ ಉಸಿರು ತೆಗೆದುಕೊಳ್ಳಲು ನಿಂತಳು. ಮೌನೇಶಪ್ಪ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದ. "ಕಣ್ಣ ಹೋದ ವರ್ಷ, ಬಂದಾವರೆಲ್ಲಾ ನನ್ನ ಕಿವಿಯಾಗ ಮಾತ ತುಂಬೋರು. ದೇವರದಾನ ಅನ್ನೋರು, ಕರ್ಮ ಅನ್ನೋರು, ಆ ಡಾಕ್ಟರ ಈ ಡಾಕ್ಟರ ಅನ್ನೋರು. ಮನಿಯಾಗ ಇವರು ಒಬ್ರು, ಮೈಕು. ಬ್ಯಾಸತ್ತ ಹೋಗಿತ್ತು ನನಗ. ನಿನ್ನ ಗುಂಡಿ ಕಿವಿಗೆ ಹಚ್ಚಿಕೊಂಡೆ ನೋಡು, ತಂಪನ್ನಿಸ್ತು. ಯಾರೂ ಇಲ್ಲ ಅಲ್ಲೆ. ನನ್ನಷ್ಟಕ್ಕ ನಾ ಒಬ್ಬಾಕಿ ಕುಂತಿದ್ದೆ. ಅಂಥಾದ್ದ ರೇಡಿಯೋ ಯಾರ ಮಾಡ್ತಾರೋ ತಮ್ಮಾ?"

ನಾನು ಐರನ್ನಿನ ವಯರು ಸುತ್ತಿಕೊಂಡೆ. ಎದ್ದು ಬಾಗಿಲಿಗೆ ಬಂದಾಗ ಹಿಂದೆ ದುಂಬಿ ಮತ್ತೆ ಗುಂಯ್ ಎನ್ನುತ್ತಿತ್ತು. ಏನು ಹೇಳುತ್ತಿದ್ದನೋ, ನಿಂತು ಕೇಳಲಿಲ್ಲ. ಸುವರ್ಣಾ ಆಮೇಲೆ ಹೇಳಿದಳು, ಆ ವಾರವೆಲ್ಲ ಅಪ್ಪ ಹಗಲು ಪೂರ್ತಿ ಮಾತಾಡಿದ, ಸೆಲ್ಲು ಮೂರು ಸಲ ಬದಲಿಸಬೇಕಾಯಿತು ಎಂದು. ಮದುವೆಯಾದ ಹೊಸದರಲ್ಲಿ ಸೈಕಲ್ಲಿಂದ ಇಬ್ಬರೂ ಬಿದ್ದದ್ದು, ಎಮ್ಮೆ ಕಳೆದಿದೆ ಎಂದು ಸಾರುತ್ತ ಹೋದಾಗ ಅದೇ ಎಮ್ಮೆ ಹಿಂದೆ ಬರುತ್ತಿದ್ದದ್ದು, ಇಂಥವೇ. ಡಾಕ್ಟರು ಹತ್ತು ದಿನ ಎಂದಿದ್ದರು. ಕಾಳವ್ವ ಹನ್ನೊಂದು ಮಾಡಿದಳು.

ಮೂರು ತಿಂಗಳ ಮೇಲೆ ಆಸ್ಪತ್ರೆಯಿಂದ ಹೊಸ ದುಂಬಿ ಬಂತು. ಅದು ಬಂದ ವಾರದ ಗುರುವಾರ ಬೆಳಿಗ್ಗೆ ಮೌನೇಶಪ್ಪ ಗಿರಣಿಯ ಮುಂದೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. ಬೀದಿಯಲ್ಲೇ ನಿಂತು ಬಲ ಅಂಗೈ ಚಾಚಿದ. ಅದರ ಮೇಲೆ ಹಳೇ ದುಂಬಿಯಿಂದ ಬಿಚ್ಚಿದ ಟ್ರಾನ್ಸಿಸ್ಟರ್ ಇತ್ತು. ಎಡಗೈಯಿಂದ ಹೊಸ ದುಂಬಿಯನ್ನು ಗಂಟಲಿಗೆ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ: "ಎಸಿ ನೂರಾ ಇಪ್ಪತ್ತೆಂಟು. ಅಡಿವೆಪ್ಪನ ರೇಡಿಯೋಕ್ಕ. ಇದರ ಜೋಡಿ ಇವನ ಮನಿಯಾಗಿಲ್ಲ."

ಬೇಡದವನ ಬಾಗಿಲಿಗೆ ಬಂದು ಕೊಟ್ಟದ್ದು ನಮ್ಮೂರ ಚರಿತ್ರೆಯಲ್ಲಿ ಅದೇ ಮೊದಲು. ಇದು ಉತ್ಪ್ರೇಕ್ಷೆಯಲ್ಲ, ಯಾರನ್ನಾದರೂ ಕೇಳಿ.

ಐವತ್ತಮೂರರಲ್ಲಿ ಒಂದು ಬಂತು. ಅಲ್ಲಿಂದ ನಾನು ಗುರುವಾರ ಗಿರಣಿ ತಡವಾಗಿ ತೆರೆಯುತ್ತೇನೆ. ಬೆಳಿಗ್ಗೆ ಯಾರದಾದರೂ ಹೊಸ್ತಿಲ ಕೆಳಗೆ ನಿಂತಿರುತ್ತೇನೆ, ಅಂಗೈಯಲ್ಲಿ ನನ್ನದೇ ರೇಡಿಯೋದ ಒಂದು ದುಡಿಯದ ಪಾರ್ಟು ಇಟ್ಟುಕೊಂಡು. ಮಂದಿ ನಗುತ್ತಾರೆ. "ಚಂಡಮಾರುತ ಬರೂದೈತೇನೋ?" ಎಂದು ಕೇಳುತ್ತಾರೆ, ಕೇಳಿ ಒಳಗೆ ಹೋಗಿ ಯಂತ್ರ ತಂದು ಇಡುತ್ತಾರೆ. ಇಲ್ಲಿಯವರೆಗೆ ಹದಿನಾಲ್ಕು ಪಾರ್ಟು ಕೂಡಿವೆ. ಐವತ್ತೆರಡಾದ ಮೇಲೆ, ಒಂದು ಬಾಕಿ ಇರುವಾಗಲೇ, ನಿಲ್ಲಿಸಿಬಿಡಲೋ ಏನೋ ಎಂಬ ಯೋಚನೆಯೂ ಇದೆ.

ಯಾಕೆಂದರೆ ಮೌನೇಶಪ್ಪ ಈಗ ಮಧ್ಯಾಹ್ನದ ಹೊತ್ತು ಗಿರಣಿಗೆ ಬರುತ್ತಾನೆ, ಬೀಸುವುದು ಮುಗಿದು ಬೆಲ್ಟ್ ನಿಂತ ಮೇಲೆ. ದುಂಬಿಯನ್ನು ಕಿಸೆಯಲ್ಲಿ ಇಡುತ್ತಾನೆ. ಕಾಳವ್ವ ಒರಗಿದ್ದ ಗೋಡೆಗೇ ಒರಗಿ ಕೂತು, ರೇಡಿಯೋದ ಗುಂಡಿಯನ್ನು ಕಿವಿಗೆ ಹಚ್ಚಿಕೊಳ್ಳುತ್ತಾನೆ. ನಾನೂ ಮಾತಾಡುವುದಿಲ್ಲ. ಹಿಟ್ಟಿನ ಧೂಳು ಮೆಲ್ಲಗೆ ಕೆಳಗೆ ಕೂರುತ್ತದೆ. ಹತ್ತು ನಿಮಿಷ ಹಾಗೆಯೇ ಇರುತ್ತಾನೆ. ಹತ್ತೇ ನಿಮಿಷ, ಗಡಿಯಾರ ನೋಡಿ ಹೇಳುತ್ತಿದ್ದೇನೆ.